ಬರ್ಮಾದ ರಾಣಿಗೊಂದು ಸೀರೆ

ಡಾಕ್ಟರನ್ನು ಕಂಡರೆ ಜನ ತಮ್ಮ ಕಾಯಿಲೆ ಹೇಳಿಕೊಳ್ಳುತ್ತಾರೆ, ನನ್ನನ್ನು ಕಂಡರೆ ಸತ್ತುಹೋದ ತಾತನನ್ನು ಹೊರಗೆ ತೆಗೆಯುತ್ತಾರೆ. ಸೇನೆಯಿಂದ ನಿವೃತ್ತನಾಗಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆದಾಗಿನಿಂದ ಇದೇ ಕಥೆ. ತಾತ ಯುದ್ಧದಲ್ಲಿದ್ದರಂತೆ, ನಿಜವೋ ಸುಳ್ಳೋ ಸ್ವಲ್ಪ ನೋಡಿ ಹೇಳಿ ಸಾರ್ ಅನ್ನುತ್ತಾರೆ. ನಾನಾದರೋ ಸೇನೆಯ ಉಗ್ರಾಣದಲ್ಲಿ ಬೂಟು ಹಂಚಿದವನು. ಗುಂಡಿನ ಸದ್ದಿಗಿಂತ 'ಬೂಟು ಬಿಗಿಯಾಗುತ್ತೆ' ಅನ್ನುವ ದೂರನ್ನೇ ಹೆಚ್ಚು ಕೇಳಿದ್ದೇನೆ. ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೇ ಈಗ ಮೀಸೆ ತಿರುವಿಕೊಂಡು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.

ಯಾವ ಕಾಲು?

ನಮ್ಮ ಕಾರ್ಖಾನೆಯಲ್ಲಿ ಗದಗಿನ ಕಡೆಯ ಇಬ್ಬರು ಆಪರೇಟರ್‌ಗಳಿದ್ದಾರೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ದಾಸರಹಳ್ಳಿಯಲ್ಲಿ ಒಂದೇ ರೂಮು. ಅವರ ಮುತ್ಯಾನಿಗೆ, ಅಂದರೆ ತಾತನಿಗೆ, ಪಾಕಿಸ್ತಾನದ ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದಿತ್ತಂತೆ. ಅಲ್ಲಿಯವರೆಗೆ ಇಬ್ಬರಿಗೂ ಒಮ್ಮತ. ಯಾವ ಕಾಲು ಅನ್ನುವಲ್ಲಿ ಜಗಳ. ಬಲಗಾಲು ಕುಂಟುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ ಅಂತ ಒಬ್ಬ, ಎಡಗಾಲು ಅಂತ ಇನ್ನೊಬ್ಬ. ಮಾತು ಬಿಟ್ಟು, ಒಂದೇ ಒಲೆಯಲ್ಲಿ ಬೇರೆ ಬೇರೆ ಅನ್ನ ಮಾಡಿಕೊಳ್ಳುವವರೆಗೆ ಹೋಯಿತು. ಕೊನೆಗೆ ಪಂಚಾಯ್ತಿ ನನ್ನ ಹತ್ತಿರ ಬಂತು. ಗುಂಡು ನಾನು ಹಾರಿಸಿಲ್ಲ, ಬದುಕಿರುವವರನ್ನು ಕೇಳಿ ಅಂದೆ. ಊಟದ ಬಿಡುವಿನಲ್ಲಿ ಊರಿನಲ್ಲಿದ್ದ ಅಜ್ಜಿಗೆ, ಮುತ್ಯಾನ ಹೆಂಡತಿಗೆ, ವಿಡಿಯೋ ಕಾಲ್ ಮಾಡಿದರು. ಅಜ್ಜಿ ಎಲೆ ಅಡಿಕೆ ಮೆಲ್ಲುತ್ತ ನಿಧಾನವಾಗಿ ತೀರ್ಪು ಕೊಟ್ಟರು.

"ಹೊಲಕ್ಕ ಹೋಗು ಅಂದ್ರ ಬಲಗಾಲು ಕುಂಟತಿದ್ದ, ನೀರು ತಗೊಂಡು ಬಾ ಅಂದ್ರ ಎಡಗಾಲು. ಉಣ್ಣಾಕ ಕರದ್ರ ಎರಡೂ ನೆಟ್ಟಗ ಇರ್ತಿದ್ದುವು."

ದೇವರ ಮನೆಯ ಬಾಂಬು

ಒಂದು ದಿನ ನಮ್ಮ ಅಕೌಂಟ್ಸ್ ವಿಭಾಗದವರೊಬ್ಬರು ಬೈಕನ್ನು ಆಮೆಯ ಹಾಗೆ ಓಡಿಸಿಕೊಂಡು ಗೇಟಿಗೆ ಬಂದರು. ಪೆಟ್ರೋಲ್ ಟ್ಯಾಂಕಿನ ಮೇಲೆ ಟವಲಿನಲ್ಲಿ ಸುತ್ತಿದ ಏನೋ ಗಂಟು. ಒಳಗೆ ಬರುವ ವಸ್ತು ಏನೆಂದು ಕೇಳುವುದು ನನ್ನ ಕೆಲಸ, ಕೇಳಿದೆ. "ಬಾಂಬು ಸಾರ್, ನಮ್ಮ ತಾತಂದು" ಅಂದರು. ನನ್ನ ಗಾರ್ಡು ಆಗಲೇ ರಸ್ತೆಯ ಆ ಕಡೆಗೆ ಹೋಗಿ ನಿಂತಿದ್ದ.

ತಾತ ಯುದ್ಧಭೂಮಿಯಿಂದ ತಂದದ್ದಂತೆ, ಸಿಡಿಯದೆ ಉಳಿದದ್ದಂತೆ. ಮನೆಯವರು ಅದನ್ನು ದೇವರ ಮನೆಯಲ್ಲಿಟ್ಟು, ಆಯುಧಪೂಜೆಯ ದಿನ ಬಾಗಿಲಾಚೆಯಿಂದಲೇ ಕುಂಕುಮ ಎರಚುತ್ತಿದ್ದರು. ಈಗ ಹೆಂಡತಿ, ಮಗುವಿಗೆ ಏನಾದರೂ ಆದೀತೆಂಬ ಭಯಕ್ಕೆ, ಹೊರಗೆ ಹಾಕಿ ಅಂದದ್ದರಿಂದ ನನ್ನ ಹತ್ತಿರ ತಂದಿದ್ದರು. ನಾನೂ ಗೇಟಿನ ಕಂಬದ ಹಿಂದೆ ನಿಂತೇ ಧೈರ್ಯ ಹೇಳಿದೆ. ಅಷ್ಟರಲ್ಲಿ ಶಿಫ್ಟಿಗೆ ಬಂದ ನಮ್ಮ ಲೇತ್ ಆಪರೇಟರ್ ಟವಲು ಬಿಚ್ಚಿ, ಅದನ್ನು ತಿರುಗಿಸಿ ನೋಡಿ, ಇದು ತೋಟದ ಬಾವಿಯ ಪಂಪಿಗೆ ಕೆಳಗಡೆ ಹಾಕುವ ಫುಟ್‌ವಾಲ್ವು, ಹಿಂದೆ ಊರಲ್ಲಿ ಇದನ್ನು ಕದಿಯುವವರ ಕಾಟ ಜಾಸ್ತಿ ಇತ್ತು ಅಂದ.

ಅಕೌಂಟ್ಸಿನವರು ಅದನ್ನು ಮತ್ತೆ ಟವಲಿನಲ್ಲಿ ಸುತ್ತಿಕೊಂಡರು. "ಅದಕ್ಕೇನಾ ಸಾರ್, ಪಕ್ಕದ ತೋಟದೋರು ಮನೆಗೆ ಬಂದ್ರೆ ತಾತ ದೇವರ ಮನೆ ಬಾಗಿಲು ಹಾಕ್ತಿದ್ದಿದ್ದು?"

ರಾಣಿ

ಇವೆಲ್ಲ ಹೋಗಲಿ, ನಮ್ಮ ಮನೆ ಓನರಿನ ತಾತನ ವಿಷಯವೇ ಬೇರೆ. ನಾನಿರುವುದು ಮಾಕಳಿಯಲ್ಲಿ. ಓನರು ಅಲ್ಲಿನ ಮೂಲನಿವಾಸಿ. ಜಮೀನು ಅವರ ತಾಯಿಯ ಕಡೆಯಿಂದ ಬಂದದ್ದು. ಆ ತಾಯಿ, ನಾವೆಲ್ಲ ಅಜ್ಜಿ ಅನ್ನುವವರು, ತಮ್ಮ ಅಪ್ಪನಿಗೆ ಒಬ್ಬಳೇ ಮಗಳು. ಆ ಅಪ್ಪನೇ ಓನರಿನ ತಾತ, ಬರ್ಮಾದ ಯುದ್ಧಕ್ಕೆ ಹೋಗಿ ಜಪಾನಿನವರ ವಿಮಾನ ಹೊಡೆದು ಉರುಳಿಸಿದ ವೀರ, ಹಾಗಂತ ಮನೆಯವರ ಮಾತು.

ಆ ಜಮೀನಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ಬಿಲ್ಡರ್ ಒಬ್ಬ ಬಂದ. ವಾರಸುದಾರರೆಲ್ಲ ಸೈನ್ ಹಾಕಬೇಕು ಅಂದ. ಅಂದಿನಿಂದ ಓನರಿಗೆ ನಿದ್ದೆಯಿಲ್ಲ. ಕಾರಣ, ತಾತ ಬರ್ಮಾದಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದನೆಂದು ಊರಿಗೆಲ್ಲ ಗೊತ್ತು. ಹೆಸರು ರಾಣಿ. ತಾತ ನಿದ್ದೆಯಲ್ಲೂ ಅವಳನ್ನು ಕರೆಯುತ್ತಿದ್ದನಂತೆ, ಅವಳಿಲ್ಲದಿದ್ದರೆ ನಾನು ಬದುಕಿ ಬರುತ್ತಿರಲಿಲ್ಲ ಅನ್ನುತ್ತಿದ್ದನಂತೆ. ಅವಳ ಮಕ್ಕಳು ಮೊಮ್ಮಕ್ಕಳು ಭಾಗ ಕೇಳಿಕೊಂಡು ವಿಮಾನ ಹತ್ತಿ ಬಂದರೆ ಗತಿಯೇನು ಎಂಬುದು ಓನರಿನ ಚಿಂತೆ. ತಾತನ ಆ ಮದುವೆ ನಿಜವೇ ಅಂತ ನೀವೇ ಪತ್ತೆ ಮಾಡಬೇಕು ಸಾರ್ ಅಂದರು. ಸೇನೆಯಲ್ಲಿ ನಾನು ಹಂಚಿದ್ದು ಬೂಟು, ಹೆಂಡತಿಯರನ್ನಲ್ಲ ಅಂದೆ. ಬಿಡಲಿಲ್ಲ, ಪಿತೃಪಕ್ಷದ ಊಟಕ್ಕೆ ಕರೆದರು.

ಹೋದೆ. ತಾತನ ಫೋಟೋದ ಮುಂದೆ ಎಡೆ ಇಟ್ಟಿದ್ದರು. ಮುದ್ದೆ, ಬಾಡಿನ ಸಾರು, ರಮ್ಮು, ಬೀಡಿ, ಹೊಸ ಪಂಚೆ. ಪಕ್ಕದಲ್ಲಿ ಇನ್ನೊಂದು ಎಲೆ. ಅದರ ಮುಂದೆ ಹಸಿರು ಸೀರೆ, ಬಳೆ. ಆದರೆ ಎಲೆಯ ಮೇಲಿದ್ದದ್ದು ನೆನೆಸಿದ ಹುರುಳಿಕಾಳು, ಒಂದು ಅಚ್ಚು ಬೆಲ್ಲ ಮಾತ್ರ. ರಾಣಿಗೆ ಬಾಡು ಬೇಡವೇ ಅಂತ ಕೇಳಿದೆ.

ಅಜ್ಜಿ ಮುಖ ಗಂಟು ಹಾಕಿಕೊಂಡೇ ಹೇಳಿದರು, "ಅವ್ಳು ಅದೆಲ್ಲ ಮುಟ್ತಿರ್ನಿಲ್ವಂತೆ. ಉಳ್ಳಿಕಾಳು, ಬೆಲ್ಲ, ಅಷ್ಟೇಯ. ಎಂತಾ ಬೆಟ್ಟಾನೂ ಅತ್ತೋಳಂತೆ. ಸಿಟ್ಟು ಬಂದ್ರೆ ನಮ್ಮಪ್ಪಂಗೇ ಒದೆಯೋಳಂತೆ."

ನನಗೆ ಅನುಮಾನ ಬಂತು. ಫೋಟೋದ ಹತ್ತಿರ ಹೋಗಿ ನೋಡಿದೆ. ತಾತನ ಎಡಗೈ ಮೊಣಕೈವರೆಗೆ ಮಾತ್ರ ಇತ್ತು, ಮುಂದಿನದು ಚೌಕಟ್ಟಿನಲ್ಲಿ ಮಾಯ. ಅಜ್ಜಿಯ ಅವ್ವ ಆ ಫೋಟೋವನ್ನು ಅರ್ಧಕ್ಕೆ ಮಡಚಿ ಕಟ್ಟು ಹಾಕಿಸಿ, ಯಾರೂ ಬಿಚ್ಚಕೂಡದೆಂದು ಆಣೆ ಹಾಕಿಸಿದ್ದರಂತೆ. ಮಡಚಿದ ಆ ಅರ್ಧದಲ್ಲಿ ಸವತಿ ಇದ್ದಾಳೆ ಅನ್ನುವುದು ಮನೆಯವರ ನಂಬಿಕೆ. ಅವ್ವನ ಹೊಟ್ಟೆ ಉರಿಸಿದ ಅಪ್ಪನ ಮೇಲೆ ಅಜ್ಜಿಗೆ ಇವತ್ತಿಗೂ ಕೋಪ. ಆದರೂ ರಾಣಿ ಅಪ್ಪನ ಜೀವ ಉಳಿಸಿದವಳಲ್ಲವೇ, ಅದಕ್ಕೇ ವರ್ಷಕ್ಕೊಂದು ಸೀರೆ.

ಅಜ್ಜಿ ಇದ್ದಕ್ಕಿದ್ದ ಹಾಗೆ ಮಗನಿಗೆ ಹೇಳಿದರು, "ಬಿಚ್ಚು. ಸಾಯೋದ್ರೊಳ್ಗೆ ಅವ್ಳ ಮುಖ ನೋಡ್ಬೇಕು ನಾನು."

ಓನರು ಚಾಕುವಿನಿಂದ ಮೊಳೆ ಕಿತ್ತು, ಫೋಟೋ ಬಿಡಿಸಿದರು. ತಾತನ ಎಡಗೈ ಪ್ರೀತಿಯಿಂದ ಒಂದು ಕೊರಳನ್ನು ಬಳಸಿತ್ತು. ಕೊರಳಲ್ಲಿ ಹೂವಿನ ಹಾರ. ಅದರ ಮೇಲೆ ಎರಡು ಉದ್ದನೆಯ ಕಿವಿ. ಗುಡ್ಡಗಾಡಿನಲ್ಲಿ ಸೇನೆಯ ಸಾಮಾನು ಹೊರುವ ಹೇಸರಗತ್ತೆ ಅದು. ತಾತನಿಗಿಂತ ಗಂಭೀರವಾಗಿ ಕ್ಯಾಮೆರಾ ನೋಡುತ್ತಿತ್ತು.

ಓನರು ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ, ಹಾಗಾದರೆ ವಿಮಾನ ಹೊಡೆದು ಬೀಳಿಸಿದ್ದು ಅಂತ ರಾಗ ಎಳೆದರು. ರಾಣಿಯೇ ಒದ್ದಿರಬೇಕು ಅಂದೆ.

ಅಜ್ಜಿ ನಗಲು ಶುರು ಮಾಡಿದವರು ಗೋಡೆ ಹಿಡಿದುಕೊಂಡು ಕುಳಿತೇಬಿಟ್ಟರು. "ನಮ್ಮವ್ವನ ಜಂಬ ನೋಡ್ರಪ್ಪ. ಬರ್ಮಾದಲ್ಲಿ ಸವತಿ ಅವ್ಳೆ ಅಂತ ಜನ ಅಂದ್ಕೊಂಡ್ರೂ ಸರಿ, ಗಂಡ ಕತ್ತೆ ಕಾಯ್ತಿದ್ದ ಅಂತ ಊರಿಗೆ ಗೊತ್ತಾಗ್ಬಾರ್ದು ಅಂತ ಮಡಚಿ ಮಡಗವ್ಳೆ." ಆಮೇಲೆ ಅಪ್ಪನ ಫೋಟೋವನ್ನು ಸೆರಗಿನಿಂದ ಒರೆಸುತ್ತ, ಇಷ್ಟು ವರ್ಷ ನಿನ್ನನ್ನು ಬೈದುಕೊಂಡೇ ಎಡೆ ಇಟ್ಟೆನಲ್ಲಪ್ಪ ಅಂತ ಕಣ್ಣು ಒರೆಸಿಕೊಂಡರು.

ಓನರಿಗೆ ಮಾತ್ರ ತಮ್ಮದೇ ಸಂಕಟ. ಇನ್ನು ಬರ್ಮಾದಿಂದ ಭಾಗ ಕೇಳಿಕೊಂಡು ಯಾರೂ ಬರುವುದಿಲ್ಲ ತಾನೇ ಅಂತ ನನ್ನ ಕಿವಿಯಲ್ಲಿ ಕೇಳಿದರು.

"ಹೇಸರಗತ್ತೆಗೆ ಮಕ್ಕಳಾಗೋದಿಲ್ಲ ಓನರ್ರೇ. ಧೈರ್ಯವಾಗಿ ಸೈನ್ ಹಾಕಿ" ಅಂದೆ.

ಓನರಿನ ಮುಖ ಅರಳಿತು. ಇನ್ನೇಕೆ ಈ ಸೀರೆ ಎನ್ನುತ್ತ ಎಡೆಯ ಮುಂದಿನಿಂದ ಅದನ್ನು ಎತ್ತಿಕೊಂಡರು. ಅಜ್ಜಿ ಎದ್ದು ಬಂದು ಅವರ ಕೈಯಿಂದ ಸೀರೆ ಕಸಿದುಕೊಂಡು, ಮತ್ತೆ ಹುರುಳಿಕಾಳಿನ ಎಲೆಯ ಮುಂದೆ ನೀಟಾಗಿ ಇಟ್ಟರು.

"ಪಾಪ, ಮಕ್ಕಳಿಲ್ದೋಳು. ನಾವಲ್ದೆ ಅವ್ಳಿಗೆ ಇನ್ಯಾರ್ಲಾ ಎಡೆ ಮಡಗ್ತಾರೆ?"