ಹೆಬ್ಬೆರಳಿನ ಪಟ್ಟಿ

ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮೇಷ್ಟ್ರ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ಕತ್ತರಿ ಹಿಡಿದರೆ ಒಳಗೆ ಮರಳು ಅರೆದ ಹಾಗಾಗುತ್ತಿತ್ತು. ಬೆಳಿಗ್ಗೆ ಡಾಕ್ಟರಮ್ಮ ಎಕ್ಸ್-ರೇ ನೋಡಿ ಕೀಲು ಸವೆದಿದೆ ಎಂದರು. ಬೆರಳು ಅಲುಗದಂತೆ ದಪ್ಪ ಬಟ್ಟೆಯ ಪಟ್ಟಿಯೊಂದನ್ನು ಕಟ್ಟಿದರು. ಒಂದು ತಿಂಗಳು ಕತ್ತರಿ ಮುಟ್ಟಬಾರದು, ಮುಟ್ಟಿದರೆ ಆಪರೇಷನ್ನೇ ಗತಿ.

ಆಪರೇಷನ್ ಆದ ಕೈ ಮೊದಲಿನಂತೆ ಬಟ್ಟೆಯ ಮೇಲೆ ಓಡುವುದೋ ಇಲ್ಲವೋ ಎಂಬುದೇ ಮೇಷ್ಟ್ರ ಭಯ. ಅವರಿಗೆ ಬೇರೆ ಕೆಲಸ ಬಾರದು. ಅಂಗಡಿಯ ಯಜಮಾನರು ಮುಖ ಗಂಟಿಕ್ಕಿಕೊಂಡೇ ರಜೆಗೆ ಒಪ್ಪಿದರು.

ಹೊರಡುವಾಗ ಗುಂಡಿಗಳಿಗೆ ಕಾಜಾ ಹಾಕುವ ಅಕ್ಕ ಅವರ ಕೈಯನ್ನು ತಿರುಗಿಸಿ ನೋಡಿದಳು.

“ಇದನ್ನ ಯಾರು ಹೊಲಿದದ್ದು ಮೇಷ್ಟ್ರೇ? ಕುಡುಕ ನಡೆದ ಹಾಗಿದೆ ಹೊಲಿಗೆ.”

“ಬೆರಳು ಅಲುಗದೆ ನಿಂತ್ರೆ ಸಾಕಮ್ಮ ನಂಗೆ.”

ಇಸ್ತ್ರಿಯವನೂ ಬಂದು ನೋಡಿ, ಇಂಥದ್ದು ಕಟ್ಟಿಕೊಂಡು ಬೀದಿಯಲ್ಲಿ ಹೋದರೆ ಅಂಗಡಿಯ ಮರ್ಯಾದೆ ಏನಾಗಬೇಕು ಎಂದ. ಮೇಷ್ಟ್ರು ಬಾಗಿಲವರೆಗೆ ಹೋದರು. ಅಲ್ಲಿಂದ ಹಿಂದಿರುಗಿ ಬಂದರು. ಬರೀ ಅಂಚು ಸರಿಮಾಡುತ್ತೇನೆ ಎಂದರು. ಅಂಚು ಬಿಚ್ಚಿದರೆ ಒಳಪದರ ಸುಕ್ಕು, ಒಳಪದರ ಬಿಚ್ಚಿದರೆ ಅಳತೆಯೇ ತಪ್ಪು. ತಾವು ಕತ್ತರಿಸಿ ಕೊಡುತ್ತೇವೆ ಎಂದವರ ಕೈಗೆ ಅವರು ಕತ್ತರಿ ಕೊಡಲಿಲ್ಲ. ಸಂಜೆಯ ಹೊತ್ತಿಗೆ ಹೊಸ ಪಟ್ಟಿ ಸಿದ್ಧವಾಯಿತು. ಆದರೆ ಅದರೊಳಗೆ ಹೋಗಲಾರದಷ್ಟು ಹೆಬ್ಬೆರಳು ಊದಿತ್ತು.

ಅಕ್ಕ, ಇಸ್ತ್ರಿಯವನು ಇಬ್ಬರೂ ಅವರನ್ನು ಹೆಣದ ಹಿಂದೆ ನಡೆಯುವವರಂತೆ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮ ಬೈಯಲಿಲ್ಲ. ಬೆರಳಿನ ಬುಡಕ್ಕೆ ಇಂಜೆಕ್ಷನ್ ಕೊಟ್ಟರು. ಇದೇ ಕೊನೆಯ ಅವಕಾಶ ಎಂದರು. ಆಮೇಲೆ ಮೇಷ್ಟ್ರು ಹೊಲಿದ ಹೊಸ ಪಟ್ಟಿಯನ್ನು ತಮ್ಮ ಕೈಗೇ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಊತ ಇಳಿಯುವವರೆಗೆಂದು ಅದನ್ನೇ ಮೇಷ್ಟ್ರ ಬೆರಳಿನ ಮೇಲೆ ಸಡಿಲವಾಗಿ ಸುತ್ತಿ ಕಟ್ಟಿ, ಅಂಗಡಿಯ ಫೋನ್ ನಂಬರ್ ಕೇಳಿದರು. ಕೆಲಸ ಹೋಯಿತು ಎಂದುಕೊಂಡರು ಮೇಷ್ಟ್ರು.

ಅಂಗಡಿಗೆ ಬಂದರೆ ಯಜಮಾನರು ಮೇಜಿನ ಮೇಲೆ ಬಟ್ಟೆಯ ಥಾನು ಬಿಚ್ಚಿ ಹರಡಿದ್ದರು. ಮುಖದಲ್ಲಿ ಗಂಟಿರಲಿಲ್ಲ.

“ಆಸ್ಪತ್ರೆಗೆಲ್ಲ ಇಂಥವೇ ಪಟ್ಟಿ ಬೇಕಂತೆ. ನೀವು ಕತ್ತರಿ ಮುಟ್ಟಬಾರದು, ಬೇರೆಯವರು ಕತ್ತರಿಸಲಿ ಅಂತ ಡಾಕ್ಟರಮ್ಮ ಖಂಡಿತವಾಗಿ ಹೇಳಿದ್ದಾರೆ. ನೀವು ಸುಮ್ಮನೆ ಕೂತ್ಕೊಂಡು ನೋಡಿ.”

ಇಸ್ತ್ರಿಯವನು ಕತ್ತರಿ ಎತ್ತಿಕೊಂಡ. ಮೇಷ್ಟ್ರು ಸುಮ್ಮನೆ ಕೂತು ನೋಡಿದರು. ಕತ್ತರಿ ಗೆರೆ ಬಿಟ್ಟು ಎಡಕ್ಕೆ ಸರಿಯಿತು. ಇನ್ನಷ್ಟು ಸರಿಯಿತು.

“ಇಡಪ್ಪಾ ಕೆಳಗೆ,” ಎಂದರು ಮೇಷ್ಟ್ರು.

ಎದ್ದು ಬಂದು, ತಮ್ಮ ಕೈಯ ಪಟ್ಟಿಯನ್ನು ನಿಧಾನವಾಗಿ ಬಿಚ್ಚಿ, ಅಳತೆಗೆಂದು ಅದನ್ನೇ ಬಟ್ಟೆಯ ಮೇಲಿಟ್ಟರು.