ಮುದ್ದೆಯಲ್ಲಿ ನೀರೆಷ್ಟು?

ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಹೆಂಡತಿಯ ಅಣ್ಣ ಕಂಡರೆ ಭಯ. ನನಗೆ ಮೊದಲಿನಿಂದಲೂ ಭಯವಿದ್ದದ್ದು ಒಂದು ಚುಕ್ಕಿಯನ್ನು ಕಂಡರೆ. ಅಂಕಿಗಳ ಮಧ್ಯೆ ಸಾಸಿವೆ ಕಾಳಿನಂತೆ ಕೂತಿರುತ್ತದಲ್ಲ, ಆ ದಶಮಾಂಶದ ಚುಕ್ಕಿ. ಅದು ಈ ಕಡೆ ಇದ್ದರೆ ಔಷಧಿ, ಒಂದು ಮನೆ ಆ ಕಡೆ ಜರುಗಿದರೆ ವಿಷ. ಪಿಯುಸಿಯಲ್ಲಿ ಗಣಿತಕ್ಕೆ ಕೈಮುಗಿದು ನರ್ಸಿಂಗ್ ಸೇರಿದಾಗ, ಇನ್ನು ಜನ್ಮದಲ್ಲಿ ಲೆಕ್ಕದ ಸಹವಾಸವಿಲ್ಲ ಎಂದು ಹಿಗ್ಗಿದವನು ನಾನು. ನರ್ಸ್ ಆದವರಿಗೆ ಮೃದುವಾದ ಕೈ ಇರಬೇಕು, ಸಿಹಿಯಾದ ಮಾತಿರಬೇಕು ಎಂದು ಹೇಳಿದವರು ನೂರು ಜನ. ಮಗ್ಗಿ ಬರಬೇಕು ಎಂದು ಒಬ್ಬರಾದರೂ ಹೇಳಿದ್ದರೆ ನಾನು ಅನುಗೊಂಡನಹಳ್ಳಿಯಲ್ಲಿ ಅಪ್ಪನ ಜೊತೆ ಕೋಸು ಬೆಳೆದುಕೊಂಡೇ ಇರುತ್ತಿದ್ದೆ.

ಮನೆ ಊರಲ್ಲೇ ಇದ್ದರೂ ಹೊಸಕೋಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ನನ್ನ ಕೆಲಸ. ಹೆಂಗಸು ನರ್ಸುಗಳನ್ನು ಸಿಸ್ಟರ್ ಎಂದು ಕರೆಯುವ ಜನ ನನ್ನನ್ನು ಬ್ರದರ್ ಎನ್ನುತ್ತಾರೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ನಾನು ಬ್ರದರ್, ಮೊನ್ನೆ ಹಲ್ಲು ಬಂದ ಮಕ್ಕಳಿಗೂ ಬ್ರದರ್. ಹೀಗೆ ಲೋಕಕ್ಕೆಲ್ಲ ಸೋದರನಾಗಿ ಹಾಯಾಗಿದ್ದ ಕಾಲಕ್ಕೆ ನಸೀಮಾ ಮೇಡಂ ನಮಗೆ ಹೊಸ ಮುಖ್ಯಸ್ಥೆಯಾಗಿ ಬಂದರು. ಬಂದವರೇ, ಮಕ್ಕಳ ವಾರ್ಡು ಶುರುವಾಗುತ್ತಿದೆ, ಅಲ್ಲಿಗೆ ಹೋಗುವವರು ಲೆಕ್ಕದ ಪರೀಕ್ಷೆ ಪಾಸಾಗಬೇಕು ಎಂದರು. ನನಗೆ ಮಕ್ಕಳೆಂದರೆ ಪ್ರಾಣ. ಆ ವಾರ್ಡಿಗೆ ಹೋಗಲೇಬೇಕೆಂದು ಆಸೆ.

"ಪಾಸ್ ಮಾರ್ಕ್ಸ್ ಎಷ್ಟು ಮೇಡಂ?" ಎಂದು ಕೇಳಿದೆ. ಮೂವತ್ತೈದೋ ನಲವತ್ತೋ ಹೇಳಿಯಾರು ಎಂಬ ಎಣಿಕೆ.

"ನೂರಕ್ಕೆ ನೂರು. ಒಂದು ತಪ್ಪಾದ್ರೂ ಫೇಲ್. ಆ ಒಂದು ತಪ್ಪು ಯಾವ ಮಗು ಮೇಲೆ ಮಾಡ್ತೀಯಾ, ಹೇಳು?"

ಅಭ್ಯಾಸಕ್ಕೆ ಮೇಡಂ ಕೊಟ್ಟ ಮೊದಲ ಲೆಕ್ಕ ಇದು: ಮಗುವಿನ ತೂಕ ಹನ್ನೆರಡು ಕೆಜಿ. ಕೆಜಿಗೆ ಹದಿನೈದು ಮಿಲಿಗ್ರಾಂ ಜ್ವರದ ಔಷಧಿ ಕೊಡಬೇಕು. ಸಿರಪ್ಪಿನ ಐದು ಎಂಎಲ್‌ನಲ್ಲಿ ಇನ್ನೂರೈವತ್ತು ಮಿಲಿಗ್ರಾಂ ಇದೆ. ಎಷ್ಟು ಎಂಎಲ್ ಕೊಡುತ್ತೀರಿ? ನಾನು ಬೆವರೊರೆಸಿಕೊಂಡು ಗುಣಿಸಿ, ಭಾಗಿಸಿ, ಮೂವತ್ತಾರು ಎಂದು ಬರೆದೆ.

ಮೇಡಂ ಕನ್ನಡಕ ಕೆಳಗಿಳಿಸಿ ನೋಡಿದರು. "ಅರೇ ನಾಗರಾಜ, ಮಗುಗೆ ಔಷಧಿ ಕುಡಿಸ್ತಿದ್ದೀಯಾ, ಸ್ನಾನ ಮಾಡಿಸ್ತಿದ್ದೀಯಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದಿದ್ದರೆ ಅಳಬೇಕಾಗಿತ್ತು. ಆದರೆ ಮೇಡಂ ನನ್ನನ್ನು ಅಷ್ಟಕ್ಕೇ ಬಿಡಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆಗೆದು ಪಕ್ಕದಲ್ಲಿ ಕೂರಿಸಿಕೊಂಡರು. "ಪೆನ್ನು ಮುಟ್ಟಬೇಡ. ಮೊದಲು ಕಣ್ಣಲ್ಲೇ ಅಂದಾಜು ಮಾಡು. ಮಗುಗೆ ಬೇಕಾಗಿರೋದು ನೂರಾ ಎಂಬತ್ತು. ಐದು ಎಂಎಲ್‌ನಲ್ಲಿ ಇರೋದು ಇನ್ನೂರೈವತ್ತು. ಹಾಗಾದ್ರೆ ಉತ್ತರ ಐದಕ್ಕಿಂತ ಜಾಸ್ತಿ ಬರುತ್ತೋ ಕಮ್ಮಿ ಬರುತ್ತೋ?"

"ಕಮ್ಮಿ."

"ಹಂಗಾದ್ರೆ ಮೂವತ್ತಾರು ಎಲ್ಲಿಂದ ಬಂತು?"

ಆಹಾ! ತಲೆಯೊಳಗೆ ಯಾರೋ ಕರೆಂಟು ಹಾಕಿದ ಹಾಗಾಯಿತು. ಉತ್ತರ ಮೂರು ಪಾಯಿಂಟ್ ಆರು! ಚುಕ್ಕಿ ತಾನಾಗಿಯೇ ತನ್ನ ಜಾಗಕ್ಕೆ ಹೋಗಿ ಕೂತುಬಿಟ್ಟಿತು. ಇಷ್ಟು ವರ್ಷ ನನ್ನನ್ನು ಅಟ್ಟಾಡಿಸಿದ್ದು ಇದೇನಾ! ಅಂದಿನಿಂದ ನನಗೆ ಲೆಕ್ಕದ ಹುಚ್ಚು ಹಿಡಿಯಿತು. ಒಂದು ಲೀಟರ್ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು, ಎಂಎಲ್‌ಗೆ ಹದಿನೈದು ಹನಿ ಎಂದರೆ ನಿಮಿಷಕ್ಕೆ ಮೂವತ್ತೊಂದು ಹನಿ ಎಂದು ಬಚ್ಚಲಲ್ಲಿ ಹಾಡಿದೆ. ಹಿತ್ತಲ ನಲ್ಲಿ ಸೋರುತ್ತಿದೆ, ವಾಷರ್ ಹಾಕಿಸಿ ಎಂದು ನನ್ನ ಹೆಂಡತಿ ಸುಮಾ ಹೇಳಿದರೆ, ಗಡಿಯಾರ ಹಿಡಿದುಕೊಂಡು ಹೋಗಿ ಹನಿ ಎಣಿಸುತ್ತಾ ನಿಂತೆ. "ನಿಂತ್ಕೋ ಸುಮಾ, ಇದು ಎಷ್ಟು ಗಂಟೆಗೆ ಒಂದು ಲೀಟರ್ ಆಗುತ್ತೆ ಅಂತ ಹೇಳ್ತೀನಿ!" ಅವಳು ನಿಲ್ಲಲಿಲ್ಲ. ಪಕ್ಕದ ಮನೆಯವರನ್ನು ಕರೆಸಿ ವಾಷರ್ ಹಾಕಿಸಿಬಿಟ್ಟಳು.

ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂತು. ಮಕ್ಕಳ ವಾರ್ಡೂ ಸಿಕ್ಕಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅದೇ ಹೊತ್ತಿಗೆ ಅಪ್ಪನಿಗೆ ಹೃದಯದ ತೊಂದರೆ ಕಾಣಿಸಿಕೊಂಡು ಕಾಲು ಊದಿಕೊಂಡವು. ನಮ್ಮ ಡಾಕ್ಟರೇ ನೋಡಿ ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಎಲ್ಲಾ ಸೇರಿ ಒಂದೂವರೆ ಲೀಟರ್ ಮಾತ್ರ ದ್ರವ ಹೋಗಬೇಕು, ಉಪ್ಪು ಕಮ್ಮಿ, ಬೆಳಿಗ್ಗೆ ಬೆಳಿಗ್ಗೆ ತೂಕ ನೋಡಬೇಕು ಎಂದರು. ಅಪ್ಪನ ಬಗ್ಗೆ ಚಿಂತೆಯಾಯಿತು ನಿಜ. ಆದರೆ ದೇವರಾಣೆ, ಒಳಗೊಳಗೇ ಸಂಭ್ರಮವೂ ಆಯಿತು. ಮನೆಯಲ್ಲೇ ಲೆಕ್ಕ! ಅಪ್ಪ ಕುಡಿದದ್ದನ್ನೆಲ್ಲ ದಿನಾ ಸಂಜೆ ಕೇಳಿ ಬರೆದಿಡಲು ಫ್ರಿಜ್ಜಿನ ಬಾಗಿಲಿಗೆ ಹಾಳೆ ಅಂಟಿಸಿದೆ. ಕಾಫಿ ಲೋಟಕ್ಕೆ, ಸಾರಿನ ಬಟ್ಟಲಿಗೆ, ಮಜ್ಜಿಗೆ ಚೆಂಬಿಗೆ ಗೆರೆ ಎಳೆದೆ.

ಅಪ್ಪ ಜೀವಮಾನವಿಡೀ ಸಂತೆಯಲ್ಲಿ ಚೌಕಾಸಿ ಮಾಡಿದ ಮನುಷ್ಯ. ಸುಮ್ಮನೆ ಒಪ್ಪುತ್ತಾರೆಯೇ?

"ಲೋ ನಾಗ, ಸಾರನ್ನ ನಾನು ಕುಡೀಲಿಲ್ಲ ಕಣೋ. ಮುದ್ದೆ ಜೊತೆ ನುಂಗಿದೆ. ನುಂಗಿದ್ದು ಹೆಂಗ್ಲಾ ನೀರಾಗುತ್ತೆ?"

"ಆಗುತ್ತಪ್ಪಾ. ನೂರೈವತ್ತು ಎಂಎಲ್."

"ಹಂಗಾದ್ರೆ ಮುದ್ದೇಲೂ ನೀರೈತೆ. ಅದನ್ನೂ ಬರ್ಕೋ. ನಾನು ಹೊಟ್ಟೆಗೆ ಮಣ್ಣು ತಿಂತೀನಿ."

ಮುದ್ದೆಯ ನೀರನ್ನು ಮಾಫಿ ಮಾಡಿದೆ. ಮಾತ್ರೆಗೆ ಕಾಲು ಲೋಟ ನೀರು ಅಳೆದು ಕೊಟ್ಟಾಗ ಲೋಟದೊಳಗೆ ಇಣುಕಿ ನೋಡಿದರು. "ಕೋಸಿಗೆ ಡ್ರಿಪ್ ಹಾಕ್ದಂಗೆ ಹಾಕ್ತಾವ್ನೆ ನೋಡಮ್ಮ ನಿನ್ನ ಗಂಡ. ಕೋಸಿಗಾದ್ರೂ ಕರೆಂಟ್ ಇದ್ದಾಗ ಹೊಟ್ಟೆ ತುಂಬ ಬಿಡ್ತಿದ್ದೆ ನಾನು" ಎಂದು ಸೊಸೆಗೆ ದೂರಿದರು.

ಹೀಗೆ ಜಗಳವಾಡಿಕೊಂಡೇ ಊತ ಇಳಿಯಿತು. ನಾನು ವಾರ್ಡಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತ ಅಪ್ಪ ಹಿಂದಿನ ದಿನಕ್ಕಿಂತ ಒಂದು ಕೆಜಿ ಜಾಸ್ತಿ ತೂಗಿದರು. ಮರುದಿನ ಇನ್ನೂ ಒಂದು ಕೆಜಿ. ಕಾಲಿನ ಮೇಲೆ ಬೆರಳು ಒತ್ತಿದರೆ ಗುಳಿ ಬಿತ್ತು. ಮೆಟ್ಟಿಲು ಹತ್ತುವಾಗ ಏದುಸಿರು. ಹಾಳೆಯ ಮೇಲಿನ ಅಂಕಿಗಳನ್ನು ಮತ್ತೆ ಮತ್ತೆ ಕೂಡಿದೆ. ಒಂದೂವರೆ ಲೀಟರ್ ದಾಟಿರಲೇ ಇಲ್ಲ. ಲೆಕ್ಕ ಸರಿ, ಅಪ್ಪ ಮಾತ್ರ ಸರಿಯಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಔಷಧಿ ಕೈಕೊಟ್ಟಿತೋ, ಹೃದಯವೇ ಸೋತಿತೋ ಎಂದುಕೊಂಡು ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊಸಕೋಟೆಗೆ ಓಡಿಸಿದೆ. ಪಕ್ಕದಲ್ಲಿ ಕೂತಿದ್ದ ಅಪ್ಪ, "ನಿಧಾನ ಕಣಪ್ಪ, ನಾನು ಎಲ್ಲೂ ಹೋಗಲ್ಲ" ಎಂದು ನನಗೇ ಧೈರ್ಯ ಹೇಳಿದರು.

ಡಾಕ್ಟರು ನಾನು ಕೊಂಡೊಯ್ದಿದ್ದ ಹಾಳೆಯನ್ನು ಪಕ್ಕಕ್ಕಿಟ್ಟು ಅಪ್ಪನನ್ನೇ ಕೇಳಿದರು. "ಯಜಮಾನರೇ, ಊಟಕ್ಕೆ ಉಪ್ಪು ಜಾಸ್ತಿ ಆಗ್ತಿದೆಯಾ?"

"ಎಲ್ಲಿ ಸಾರ್, ಸೊಸೆ ಉಪ್ಪೇ ಹಾಕಲ್ಲ. ಅದಕ್ಕೇ ಹಣ್ಣಿಗೆ ಹಾಕ್ಕೊಂಡು ತಿಂತೀನಿ."

"ಯಾವ ಹಣ್ಣು?"

"ಚಕ್ಕೋತ ಸಾರ್. ದೇವನಹಳ್ಳಿದು. ನಮ್ಮ ಸಂತೆ ಸ್ನೇಹಿತ ಮುನಿಯಪ್ಪ ಅವನ ಬೀಗರ ತೋಟದಿಂದ ಒಂದು ಮೂಟೆ ತಂದ್ಕೊಟ್ಟ. ತೊಳೆ ಬಿಡಿಸಿ, ಉಪ್ಪು ಖಾರದಪುಡಿ ಹಚ್ಕೊಂಡು ತಿಂದ್ರೆ, ಆಹಾ! ಬಾಯಾರಿಕೆನೇ ಆಗಲ್ಲ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಅಪ್ಪಾ! ದಿನಾ ಸಂಜೆ ಕೇಳ್ತಿದ್ನಲ್ಲ, ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ದು ಏನು ಕುಡಿದೆ ಅಂತ. ಏನು ತಿಂದೆ ಅಂತ ಯಾವತ್ತು ಕೇಳ್ದೆ?"

ಡಾಕ್ಟರು ನಗು ತಡೆಯಲಾರದೆ ಕಿಟಕಿ ಕಡೆ ತಿರುಗಿದರು. ಆಮೇಲೆ ಗಂಭೀರವಾಗಿ, ಹಣ್ಣಿನ ರಸವೂ ನೀರೇ, ಆದರೆ ನಿಜವಾದ ಶತ್ರು ಆ ಉಪ್ಪು, ಅದು ನೀರನ್ನು ಒಳಗೇ ಹಿಡಿದಿಡುತ್ತದೆ, ಮೇಲಾಗಿ ಕೆಲವು ಮಾತ್ರೆಗಳಿಗೂ ಚಕ್ಕೋತಕ್ಕೂ ಅಷ್ಟಕ್ಕಷ್ಟೇ ಎಂದು ಬಿಡಿಸಿ ಹೇಳಿದರು. ಮಾತ್ರೆ ಬದಲಾಯಿತು, ಉಳಿದ ಹಣ್ಣು ಊರಿಗೆಲ್ಲ ಹಂಚಿಹೋಯಿತು. ಅಪ್ಪನ ಪಾದಗಳು ಮತ್ತೆ ಚಪ್ಪಲಿಗೆ ಹಿಡಿಸುವಂತಾದವು. ಆ ದಿನ ನನಗಾದ ಸಂತೋಷದ ಮುಂದೆ ನೂರಕ್ಕೆ ನೂರು ಏನೂ ಅಲ್ಲ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಕಥೆ ಕೇಳಿದ ನಸೀಮಾ ಮೇಡಂ ಮುಂದಿನ ಪರೀಕ್ಷೆಯಲ್ಲಿ ಅದನ್ನೇ ಪ್ರಶ್ನೆ ಮಾಡಿಬಿಟ್ಟರು. ರೋಗಿ ಕಾಫಿ ನೂರೈವತ್ತು, ಮಜ್ಜಿಗೆ ಇನ್ನೂರು, ಸಾರು ನೂರೈವತ್ತು, ನೀರು ಇನ್ನೂರು, ಹಣ್ಣಿನ ರಸ ನೂರು ಎಂಎಲ್ ತೆಗೆದುಕೊಂಡಿದ್ದಾನೆ. ಇನ್ನೆಷ್ಟು ಕೊಡಬಹುದು? ನನಗೆ ರೋಮಾಂಚನ. ನಮ್ಮಪ್ಪನೇ ಪ್ರಶ್ನೆಪತ್ರಿಕೆಯಲ್ಲಿ! ಕಣ್ಣು ಮುಚ್ಚಿ ಒಂದೂವರೆ ಲೀಟರಿನಲ್ಲಿ ಕಳೆದು ಏಳುನೂರು ಎಂದು ಬರೆದು, ಎಲ್ಲರಿಗಿಂತ ಮೊದಲು ಕೊಟ್ಟು ಬಂದೆ. ಪ್ರಶ್ನೆಯ ಮೊದಲ ಸಾಲಿನಲ್ಲೇ ರೋಗಿಯ ಮಿತಿ ಒಂದು ಲೀಟರ್ ಎಂದು ಬರೆದಿತ್ತು. ಉತ್ತರ ಇನ್ನೂರು. ಎಲ್ಲರೂ ಪಾಸು, ನಾನೊಬ್ಬನೇ ಫೇಲು. "ನಾಗರಾಜ, ಎಲ್ಲಾ ಪೇಷಂಟೂ ನಿಮ್ಮಪ್ಪ ಅಲ್ಲ" ಎಂದು ಮೇಡಂ ಮರುಪರೀಕ್ಷೆಗೆ ಹೆಸರು ಬರೆದುಕೊಂಡರು.

ಮುಖ ಸಣ್ಣಗೆ ಮಾಡಿಕೊಂಡು ಮನೆಗೆ ಬಂದು, ಪರೀಕ್ಷೆಯಲ್ಲಿ ಒಬ್ಬ ರೋಗಿಗೆ ಅರ್ಧ ಲೀಟರ್ ಜಾಸ್ತಿ ಕೊಟ್ಟುಬಿಟ್ಟೆ ಎಂದು ಅಪ್ಪನಿಗೆ ಹೇಳಿದೆ. ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ.

ಅಪ್ಪ ತಮ್ಮ ಗೆರೆ ಎಳೆದ ಲೋಟವನ್ನೇ ನೋಡುತ್ತಾ ಕೇಳಿದರು: "ಅರ್ಧ ಲೀಟರಾ? ಅಷ್ಟೊಂದಾ? ನಂಗೆ ಕಾಲು ಲೋಟ ಅಳೀತೀಯಾ. ಯಾರಪ್ಪಾ ಆ ಪುಣ್ಯಾತ್ಮ, ನೀನೇನು ಅವನ ಮಗನಾ?"