ಸಿಂಹ ಮತ್ತು ನನ್ನ ಮಧ್ಯಾಹ್ನದ ನಿದ್ದೆ

ಮಧ್ಯಾಹ್ನ ಮಲಗುವುದನ್ನು ಸೋಮಾರಿತನ ಎನ್ನುವವರು ಮೇ ತಿಂಗಳಲ್ಲಿ ಒಮ್ಮೆ ಸೇಡಂಗೆ ಬಂದು ಹೋಗಬೇಕು. ಆ ಹೊತ್ತಿನಲ್ಲಿ ನಮ್ಮ ಬಜಾರಿನಲ್ಲಿ ನಾಯಿಗಳು ಕೂಡ ರಸ್ತೆ ದಾಟುವುದಿಲ್ಲ. ದಾಟುವ ಕೆಲಸವಿದ್ದರೆ ಸಂಜೆಗೆ ಇಟ್ಟುಕೊಳ್ಳುತ್ತವೆ. ನನ್ನದು ಬಟ್ಟೆ ಅಂಗಡಿ. ಊಟದ ಹೊತ್ತಿಗೆ ಶಟರ್ ಎಳೆದು ಮನೆಗೆ ಬಂದು, ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೊಂದು ಲೋಟ ಮಜ್ಜಿಗೆ ಮುಗಿಸಿ, ಪಡಸಾಲೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಚಾಪೆಯೂ ಇಲ್ಲದೆ ಮೈಚೆಲ್ಲಿದೆನೆಂದರೆ ನಾಲ್ಕು ಗಂಟೆಯವರೆಗೆ ನಾನು ಯಾರಿಗೂ ಸಂಬಂಧಪಟ್ಟವನಲ್ಲ. ಆ ಕಲ್ಲಿನ ತಂಪು ಬೆನ್ನಿಗೆ ತಗುಲಿದವರು ಮತ್ತೆ ಹಾಸಿಗೆ ಕೇಳುವುದಿಲ್ಲ. ನಮ್ಮ ತಂದೆಯವರು ಹೀಗೇ ಮಲಗುತ್ತಿದ್ದರು, ಅವರ ತಂದೆಯವರೂ ಹೀಗೇ. ಅಂಗಡಿಯ ಜೊತೆಗೆ ನನಗೆ ಬಂದ ಪಿತ್ರಾರ್ಜಿತ ಆಸ್ತಿ ಎಂದರೆ ಈ ನಿದ್ದೆ. ಅಂಗಡಿಯನ್ನು ನಾನು ಅಷ್ಟೇನೂ ಬೆಳೆಸಲಿಲ್ಲ, ನಿದ್ದೆಯನ್ನು ಮಾತ್ರ ಚೆನ್ನಾಗಿ ಬೆಳೆಸಿದ್ದೇನೆ.

ಈ ನಿದ್ದೆಗೆ ನಮ್ಮ ಮನೆಯಲ್ಲಿ ಒಂದು ಕಾಯ್ದೆಯ ರಕ್ಷಣೆ ಇದೆ. “ಅಪ್ಪಾಜಿ ಮಲಗ್ಯಾರ, ಗಪ್ ಇರ್ರಿ” ಎಂಬುದೇ ಆ ಕಾಯ್ದೆ. ನನ್ನ ಹೆಂಡತಿ ಸುವರ್ಣಾ ಇದನ್ನು ಎಷ್ಟು ನಿಷ್ಠೆಯಿಂದ ಜಾರಿಗೆ ತಂದಿದ್ದಾಳೆಂದರೆ, ಆ ಹೊತ್ತಿನಲ್ಲಿ ನಮ್ಮ ಮನೆಯ ಕುಕ್ಕರ್ ಕೂಡ ಸೀಟಿ ಹಾಕುವ ಮೊದಲು ಯೋಚನೆ ಮಾಡುತ್ತದೆ. ಮಗಳು ನೀಲಾ ನಡೆಯಲು ಕಲಿತದ್ದೇ ತುದಿಗಾಲಿನಲ್ಲಿ. ಮಧ್ಯಾಹ್ನ ಹಸಿವಾದರೆ ಖಡಕ್ ರೊಟ್ಟಿಯನ್ನು ಮುರಿದರೆ ಸಪ್ಪಳವಾಗುತ್ತದೆಂದು ಮಜ್ಜಿಗೆಯಲ್ಲಿ ನೆನೆಸಿ ಮೆತ್ತಗೆ ಮಾಡಿಕೊಂಡು ತಿನ್ನುತ್ತಿದ್ದಳು. ಒಂದು ಶನಿವಾರ ಶಾಲೆಯ ಓಟದ ಸ್ಪರ್ಧೆಯಲ್ಲಿ ಗೆದ್ದು, ಕೈಯಲ್ಲಿ ಕಪ್ ಹಿಡಿದುಕೊಂಡು ಓಡಿ ಬಂದವಳು ಬಾಗಿಲಲ್ಲಿ ನನ್ನ ಕಾಲು ಕಂಡ ಕೂಡಲೇ ಬ್ರೇಕ್ ಹಾಕಿ ನಿಂತಳಂತೆ. ನಾನು ಎದ್ದಾಗ ಅವಳು ಕಂಬಕ್ಕೆ ಒರಗಿ ಕಪ್ಪನ್ನು ಅಪ್ಪಿಕೊಂಡು ನಿದ್ದೆ ಹೋಗಿದ್ದಳು. ಮನೆಯ ಶಿಸ್ತು ಎಂದರೆ ಹೀಗಿರಬೇಕು ಎಂದು ನಾನು ಬಂದವರ ಮುಂದೆಲ್ಲ ಈ ಪ್ರಸಂಗವನ್ನು ಹೇಳಿಕೊಂಡು ಹಿಗ್ಗುತ್ತಿದ್ದೆ.

ಅದೇ ನೀಲಾ ಈಗ ನೈರೋಬಿಯಲ್ಲಿ ಕಾಡುಪ್ರಾಣಿಗಳ ಬಗ್ಗೆ ಓದುತ್ತಿದ್ದಾಳೆ. ಅವಳು ಹೊರಟಾಗ ನಮ್ಮ ಅಂಗಡಿಯ ಪಕ್ಕದ ಬಾಂಡೆ ಅಂಗಡಿಯ ಮಲ್ಲಣ್ಣ, ಕೈಯಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಕೆಳಗಿಟ್ಟು, “ಎಲ್ಲಾರ ಮಕ್ಕಳು ಮನಷ್ಯಾರ ಡಾಕ್ಟರ್ ಆಗ್ಲಿಕತ್ತಾರ, ನಿಮ್ಮ ಹುಡುಗಿ ಕಾಡಪ್ರಾಣಿ ಹಿಂದ ಹೊಂಟಾಳಲ್ರೀ ಸಾವ್ಕಾರ್ರೆ!” ಎಂದು ಮರುಗಿದ್ದ. ಕಳೆದ ವರ್ಷ ನೀಲಾ ಫೋನ್ ಮಾಡಿ, “ನಂಗ ರಜಾ ಅದ, ಇಬ್ಬರೂ ಬರ್ರಿ. ಅಪ್ಪಾಜಿಗಿ ಸಿಂಹ ತೋರಸ್ತೀನಿ” ಎಂದಳು.

ಈ ಸಿಂಹದ ಮಾತಿಗೆ ಹಿಂದಿನ ಕಥೆಯೊಂದಿದೆ. ನಾನು ಚಿಕ್ಕವನಿದ್ದಾಗ ಶಹಾಬಾದಿಗೆ ಸರ್ಕಸ್ ಬಂದಿತ್ತು. ತಂದೆಯವರ ಹೆಗಲ ಮೇಲೆ ಕುಳಿತು ಸಿಂಹದ ಪಂಜರದ ತನಕ ಹೋದೆ. ಸಿಂಹ ನಮ್ಮ ಕಡೆ ಬೆನ್ನು ಮಾಡಿ ಮಲಗಿತ್ತು. ತಂದೆಯವರು ಚಪ್ಪಾಳೆ ತಟ್ಟಿದರು, ಸೀಟಿ ಹೊಡೆದರು, ಅದು ಬಾಲವನ್ನು ಒಂದು ಸಲ ಎತ್ತಿ ಹಾಕಿತು, ಅಷ್ಟೇ. ಮುಂದೆ ನೀಲಾ ಚಿಕ್ಕವಳಿದ್ದಾಗ, ಕಾಡುಪ್ರಾಣಿ ಯಾವುದಾದರೂ ಸರಿ, ನೋಡಿಯೇ ಬಿಡೋಣವೆಂದು ಚಿಂಚೋಳಿಯ ಕಾಡಿಗೆ ಹೋದೆವು. ದಿನವಿಡೀ ಸುತ್ತಿ ಕಂಡದ್ದು ಮಂಗಗಳು. ಅವು ನಮ್ಮ ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ತಿಂದು, ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ, ಖಾರಕ್ಕೆ ನಮ್ಮನ್ನೇ ಬೈದು ಹೋದವು. ವಾಪಸು ಬರುವಾಗ ನಾನು ಸರ್ಕಸ್ಸಿನ ಸಿಂಹದ ಬೆನ್ನಿನ ಕಥೆ ಹೇಳಿದೆ. ಮಡಿಲಲ್ಲಿ ಕುಳಿತಿದ್ದ ನೀಲಾ, “ನಾ ದೊಡ್ಡಾಕಿ ಆದ ಮ್ಯಾಲ ನಿಮಗ ಬೆನ್ನಲ್ಲ, ಸಿಂಹದ ಮಾರಿ ತೋರಸ್ತೀನಿ ಅಪ್ಪಾಜಿ” ಎಂದಳು. ಮಕ್ಕಳು ಇಂಥ ಮಾತು ಹೇಳಿ ಮರೆಯುತ್ತಾರೆ. ಇವಳು ಮರೆತಿರಲಿಲ್ಲ.

ಸುದ್ದಿ ಬಜಾರಿನಲ್ಲೆಲ್ಲ ಹಬ್ಬಿತು. ಅದನ್ನು ಹಬ್ಬಿಸಿದವನು ನಾನೇ. ಬ್ಲೌಸ್‌ಪೀಸ್ ಕೇಳಲು ಬಂದವರಿಗೂ ಸಿಂಹದ ವಿಷಯ ಹೇಳಿ ಕಳಿಸುತ್ತಿದ್ದೆ. ಮಲ್ಲಣ್ಣ ಮಾತ್ರ ಖಡಾಖಂಡಿತವಾಗಿ, “ಸಿಂಹದ ಸಂಗಟ ನಿಮ್ಮ ಪೋಟೋ ತರ್ರಿ. ಮೊಬೈಲಿನಾಗ ಸಿಗೋ ಸಿಂಹ ನಡ್ಯಂಗಿಲ್ಲ” ಎಂದ. ಅಲ್ಲಿಗೆ ಸೇಡಂ ಬಜಾರಿನಲ್ಲಿ ನನ್ನ ಮರ್ಯಾದೆ ಒಂದು ಪ್ರಾಣಿಯ ಕೈಗೆ ಹೋಯಿತು.

ವಾಡಿಯಲ್ಲಿ ರೈಲು ಹತ್ತಿ ಮುಂಬೈ, ಅಲ್ಲಿಂದ ವಿಮಾನ. ಸುವರ್ಣಾ ಒಂದು ಇಡೀ ಚೀಲದ ತುಂಬ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ತುಂಬಿದ್ದಳು. ವಿಮಾನ ನಿಲ್ದಾಣದ ಅಧಿಕಾರಿ ರೊಟ್ಟಿಯೊಂದನ್ನು ಎತ್ತಿ, ಬೆರಳಿನಿಂದ ತಟ್ಟಿ, ಬೆಳಕಿಗೆ ಹಿಡಿದು ನೋಡಿದ. ಅವನಿಗೆ ಹಸಿವಾಗಿದೆ ಎಂದು ತಿಳಿದ ಸುವರ್ಣಾ, “ತಿನ್ರಿ, ನಾಚಗೋಬ್ಯಾಡ್ರಿ” ಎಂದು ಹಿಂಡಿಯ ಡಬ್ಬಿಯ ಮುಚ್ಚಳವನ್ನೂ ತೆಗೆದಳು. ಅವನು ಅವಸರದಿಂದ ನಮ್ಮನ್ನು ಮುಂದಕ್ಕೆ ಕಳಿಸಿದ. ಇನ್ನು ನೈರೋಬಿಯಲ್ಲಿ ಇಳಿದರೆ ಚಳಿ! ಆಫ್ರಿಕಾ ಎಂದರೆ ಬಿಸಿಲು ಎಂದು ತೆಳು ಬಟ್ಟೆ ತುಂಬಿಕೊಂಡು ಹೋಗಿದ್ದ ಬಟ್ಟೆ ವ್ಯಾಪಾರಿಯಾದ ನಾನು ಮಗಳ ಶಾಲು ಹೊದ್ದುಕೊಂಡು ಊರು ನೋಡಬೇಕಾಯಿತು. ಸೇಡಂನವರಿಗೆ ಆಫ್ರಿಕಾದಲ್ಲಿ ಚಳಿ ಹತ್ತಿತು ಎಂಬುದನ್ನು ಇವತ್ತಿಗೂ ನಮ್ಮಲ್ಲಿ ಯಾರೂ ನಂಬುವುದಿಲ್ಲ.

ನೀಲಾ ಮುತುವರ್ಜಿಯಿಂದ ಎಲ್ಲ ತೋರಿಸಿದಳು. ಜಿರಾಫೆಗೆ ಕೈಯಾರೆ ತಿನಿಸಿದೆವು. ಅದರ ನಾಲಿಗೆ ಸುವರ್ಣಾಳ ಬಳೆಗಳನ್ನು ಎಣಿಸಿದಂತೆ ಸವರಿ ಹೋಯಿತು. ಆದರೆ ಹುಟ್ಟುಗುಣ ಎಲ್ಲಿ ಹೋಗಬೇಕು? ಪ್ರಾಣಿಗಳನ್ನು ನೋಡುವಾಗಲೂ ನನಗೆ ಕಾಣುತ್ತಿದ್ದದ್ದು ಬಟ್ಟೆಯೇ. ಸರೋವರದ ಗುಲಾಬಿ ಹಕ್ಕಿಗಳನ್ನು ಕಂಡು, ಈ ರಂಗಿನ ಸೀರೆ ಬಂದರೆ ಮದುವೆಯ ಸೀಜನ್ನಿನಲ್ಲಿ ಒಂದೂ ಉಳಿಯುವುದಿಲ್ಲ ಎಂದೆ. ಜೀಬ್ರಾದ ಪಟ್ಟೆ ಚಿತ್ತಾಪುರದ ಕಡೆ ಓಡುವ ಮಾಲಲ್ಲ ಎಂದೆ. ನೀಲಾ ನಕ್ಕಳು. ಮೂರು ದಿನ ಸಫಾರಿ ಎಂದು ಹುಲ್ಲುಗಾವಲಿಗೆ ಕರೆದುಕೊಂಡು ಹೋದಳು. ಎರಡು ದಿನದಲ್ಲಿ ಆನೆ, ಕಾಡೆಮ್ಮೆ, ಹೆಸರು ಗೊತ್ತಿಲ್ಲದ ಕೋಡಿನ ಪ್ರಾಣಿಗಳು, ಎಲ್ಲ ಕಂಡವು. ಸಿಂಹವಿಲ್ಲ. ನನಗಿಂತ ನೀಲಾಳ ಮುಖವೇ ಸಣ್ಣದಾಗುತ್ತ ಬಂತು. ಗಾಡಿಯ ಚಾಲಕ ಕಮಾವ್ ಎಂಬುವನ ಕಿವಿಯಲ್ಲಿ ಏನೇನೋ ಹೇಳುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ.

ಮೂರನೆಯ ದಿನ, ಅಂದರೆ ಕೊನೆಯ ದಿನ, ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟೆವು. ಹೊತ್ತು ನೆತ್ತಿಗೆ ಬಂದಾಗ ಒಂದು ಒಂಟಿ ಮರದ ಕೆಳಗೆ ಕುಳಿತು ಊಟ ಮಾಡಿದೆವು. ರೊಟ್ಟಿ, ಹಿಂಡಿ, ಅಲ್ಲಿಯದೇ ಗಟ್ಟಿ ಮೊಸರು. ಕಮಾವ್ ಕೂಡ ಹಿಂಡಿ ತಿಂದು, ಕಣ್ಣೀರು ಒರೆಸಿಕೊಂಡು, ಮತ್ತೊಮ್ಮೆ ಹಾಕಿಸಿಕೊಂಡ. ಮತ್ತೆ ಗಾಡಿ ಹತ್ತಿದೆವು. ಬಿಸಿಲು ಸೇಡಂನಷ್ಟಿಲ್ಲದಿದ್ದರೂ ಪರವಾಗಿಲ್ಲ ಎನ್ನುವಷ್ಟಿತ್ತು. ಹೊಟ್ಟೆ ತುಂಬಿತ್ತು. ಗಾಡಿ ತೊಟ್ಟಿಲಿನಂತೆ ಆಡುತ್ತಿತ್ತು. ಒಂದು ನಿಮಿಷ ಕಣ್ಣು ಮುಚ್ಚಿದರೆ ಆಫ್ರಿಕಾವೇನೂ ಓಡಿಹೋಗುವುದಿಲ್ಲ ಎಂದುಕೊಂಡೆ.

ಇಲ್ಲಿಂದ ಮುಂದಿನದನ್ನು ನಾನು ಬೇರೆಯವರ ಬಾಯಿಂದ ಕೇಳಿ ಬರೆಯುತ್ತಿದ್ದೇನೆ. ಗಾಡಿ ನಿಂತಿತ್ತಂತೆ. ಹುಲ್ಲಿನೊಳಗಿಂದ ಒಂದು ಸಿಂಹ ಎದ್ದು ಬಂತಂತೆ, ಕೇಸರವಿದ್ದ ದೊಡ್ಡ ಗಂಡು ಸಿಂಹ. ಆಸುಪಾಸಿನಲ್ಲಿ ಮರವಿಲ್ಲ, ನೆರಳು ಎಂದರೆ ನಮ್ಮ ಗಾಡಿಯದೇ. ನೇರವಾಗಿ ಬಂದು, ನನ್ನ ಕಿಟಕಿಯ ಕೆಳಗೆ, ಆ ನೆರಳಿನಲ್ಲಿ ಮೈಚೆಲ್ಲಿತಂತೆ. ಅದಕ್ಕೂ ಮಧ್ಯಾಹ್ನದ ನಿದ್ದೆಯ ಹೊತ್ತು. ಕಮಾವ್ ಹಿಂದಕ್ಕೆ ತಿರುಗಿ ನೋಡಿ, ನಿಮ್ಮ ತಂದೆಯವರನ್ನು ಮೆಲ್ಲಗೆ ಎಬ್ಬಿಸಿ ಎಂದು ನೀಲಾಳಿಗೆ ಸನ್ನೆ ಮಾಡಿದ. ಸುವರ್ಣಾ ತುಟಿಯ ಮೇಲೆ ಬೆರಳಿಟ್ಟು ಅವನನ್ನೇ ಸುಮ್ಮನಾಗಿಸಿದಳು. ಸಿಂಹಕ್ಕೆ ಹೆದರಿ ಹೀಗೆ ಮಾಡುತ್ತಿದ್ದಾರೆ ಎಂದು ಅವನು ತಿಳಿದ. ಆಮೇಲೆ ನೀಲಾ ಪಿಸುಗುಟ್ಟಿ, ನಮ್ಮ ಮನೆಯಲ್ಲಿ ಮಧ್ಯಾಹ್ನ ಇವರನ್ನು ಎಬ್ಬಿಸುವುದಿಲ್ಲ ಎಂದು ವಿವರಿಸಿದಳಂತೆ. ಅಷ್ಟು ವರ್ಷ ಗಾಡಿ ಓಡಿಸಿದ ಆ ಮನುಷ್ಯ ಅಂದಿನವರೆಗೆ ಅಂಥ ಕಾರಣ ಕೇಳಿರಲಿಲ್ಲ. ನನ್ನ ಗೊರಕೆಗೆ ಸಿಂಹ ಒಂದು ಕಿವಿಯನ್ನು ಮಾತ್ರ ಆಡಿಸುತ್ತಿತ್ತಂತೆ. ಹೀಗೆ ನಾವಿಬ್ಬರೂ ಬಹಳ ಹೊತ್ತು ಮಲಗಿದೆವು, ಉಳಿದ ಮೂವರು ಇಬ್ಬರನ್ನೂ ಕಾದರು.

ಎಚ್ಚರವಾದಾಗ ಎಂದಿನಂತೆ ಕಣ್ಣು ಬಿಡದೆಯೇ, “ಚಾ ಆತೇನು?” ಎಂದೆ. ಕಣ್ಣು ಬಿಟ್ಟರೆ ಮೂವರೂ ನನ್ನನ್ನೇ ನೋಡುತ್ತಿದ್ದಾರೆ. ನೀಲಾ ಹೊರಗೆ ಬೆರಳು ತೋರಿಸಿ, “ಈಗೇ ಎದ್ದು ಹೋತ್ರಿ ಅಪ್ಪಾಜಿ” ಎಂದಳು. ಹುಲ್ಲು ಅಲುಗಾಡುತ್ತಿತ್ತು. ಬಾಲ ಕೂಡ ಕಾಣಲಿಲ್ಲ. ಸಂಜೆಯವರೆಗೆ ಹುಡುಕಿದರೂ ಮತ್ತೊಂದು ಸಿಂಹ ಸಿಗಲಿಲ್ಲ.

ನನಗೆ ಸಿಟ್ಟು ಬಂತು. “ಎಬ್ಬಸ್ಲಿಕ್ಕ ಏನಾಗಿತ್ತು ನಿಮಗ?” ಎಂದು ರೇಗಿದೆ. ಸುವರ್ಣಾ ಶಾಂತವಾಗಿ, “ಎಬ್ಬಸಿದ್ರೂ ಬೈತೀರಿ, ಎಬ್ಬಸಲಿಲ್ಲಂದ್ರೂ ಬೈತೀರಿ. ನಿದ್ದಿ ಆದ ಮ್ಯಾಲ ಬೈಸಿಕೊಳ್ಳೋದೇ ಛಲೋ” ಎಂದಳು. ನೀಲಾ ಮಾತ್ರ ತಲೆ ತಗ್ಗಿಸಿದ್ದಳು. “ನಿಮ್ಮ ಹೆಗಲ ತನಕ ಕೈ ತಂದಿದ್ದೆ ಅಪ್ಪಾಜಿ. ಮುಂದ ಹೋಗಲಿಲ್ಲ. ಸಣ್ಣಾಕಿದ್ದಾಗಿಂದ ರೂಢಿ ಇಲ್ಲಲ್ರೀ” ಎಂದಳು. ನಕ್ಕಳು, ಕಣ್ಣು ಮಾತ್ರ ತುಂಬಿತ್ತು. ಅಷ್ಟು ವರ್ಷ ನೆನಪಿಟ್ಟುಕೊಂಡು ನನ್ನ ಕಿಟಕಿಯ ಕೆಳಗೇ ಸಿಂಹವನ್ನು ತರಿಸಿದವಳು ನನ್ನ ಹೆಗಲು ಮುಟ್ಟಲು ಹೆದರಿದ್ದಳು. ನನಗೆ ಬಹಳ ಕೆಟ್ಟದೆನಿಸಿತು. ಕಪ್ ಅಪ್ಪಿಕೊಂಡು ಕಂಬಕ್ಕೆ ಒರಗಿದ್ದ ಹುಡುಗಿ ಕಣ್ಣ ಮುಂದೆ ಬಂದಳು. ಆ ಕಪ್ಪಿನ ಕಥೆಯನ್ನು ನಾನು ಆಮೇಲೆ ಬಂದವರ ಮುಂದೆ ಹೇಳಿ ಹಿಗ್ಗಿಲ್ಲ.

ಸೇಡಂಗೆ ಮರಳಿದ ಮೇಲೆ ಮಲ್ಲಣ್ಣನಿಗೆ ಫೋಟೋ ತೋರಿಸಲೇಬೇಕಾಯಿತು. ಕಮಾವ್ ಮುಂದಿನ ಕಿಟಕಿಯಿಂದ ಫೋನನ್ನು ಹೊರಗೆ ಚಾಚಿ ತೆಗೆದದ್ದು: ಕೆಳಗೆ ಸಿಂಹ, ಮೇಲೆ ಕಿಟಕಿಗೆ ತಲೆ ಕೊಟ್ಟು ಬಾಯಿ ತೆರೆದ ನಾನು. ಮಲ್ಲಣ್ಣ ಬಹಳ ಹೊತ್ತು ನೋಡಿ, “ಸಿಂಹದ ಬಾಜೂಕ ಇಷ್ಟು ಆರಾಮ ಮಲಗೀರಿ ಅಂದ್ರ, ನಿಮ್ಮದು ಭಾಳ ಗಟ್ಟಿ ಗುಂಡಿಗಿ ರೀ ಸಾವ್ಕಾರ್ರೆ!” ಎಂದ. ಬಜಾರಿನಲ್ಲಿ ನಾನೀಗ ಧೈರ್ಯಕ್ಕೆ ಹೆಸರಾದವನು. ನಾನೂ ತಿದ್ದಲು ಹೋಗಿಲ್ಲ.

ಮನೆಯಲ್ಲಿ ಮಾತ್ರ ಕಾಯ್ದೆಯನ್ನು ರದ್ದು ಮಾಡಿದೆ. ನೀಲಾ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಎಬ್ಬಿಸಬೇಕು ಎಂದು ಸುವರ್ಣಾಳಿಗೆ ಹೇಳಿದೆ. ನೀಲಾಳಿಗೂ ಹೇಳಿದೆ. ಕಲ್ಲಿನ ನೆಲ ಬಿಟ್ಟು ಕುರ್ಚಿಯಲ್ಲಿ, ಕೈಯಲ್ಲಿ ಫೋನ್ ಹಿಡಿದು, ಕಣ್ಣುರಿಸಿಕೊಂಡು ಕೂರಲು ಶುರುಮಾಡಿದೆ. ಮೊನ್ನೆ ಹಾಗೆ ಕುಳಿತವನು ಕಣ್ಣು ಬಿಟ್ಟಾಗ ನಾಲ್ಕಕ್ಕೆ ಸ್ವಲ್ಪ ಬಾಕಿಯಿತ್ತು, ಕೈಯಲ್ಲಿ ಫೋನ್ ಇರಲಿಲ್ಲ. ಸುವರ್ಣಾ ಅಡುಗೆಮನೆಯಿಂದ ಅದನ್ನು ತಂದು ಕೊಡುತ್ತ, “ನೀಲಾ ಮಾಡಿದ್ಳು. ಸಿಂಹದ ಮರಿ ತೋರಿಸಿದ್ಳು, ಏನ್ ಛಂದ ಆಡ್ಲಿಕತ್ತಿದ್ವು ಅಂತೀರಿ!” ಎಂದಳು. ಯಾಕೆ ಎಬ್ಬಿಸಲಿಲ್ಲ ಎಂದರೆ, “ಎಬ್ಬಸ್ಲಿಕ್ಕ ಬಂದಿದ್ದೆ. ಆಕೀನೇ ಬ್ಯಾಡ ಅಂದ್ಳು. ಅಪ್ಪಾಜಿ ಮಲಗ್ಯಾರ, ಮಲಗ್ಲಿ ಬಿಡವ್ವಾ, ನಾಲ್ಕಕ್ಕ ಮತ್ತ ಮಾಡ್ತೀನಿ ಅಂದ್ಳು.”

ನಾಲ್ಕಕ್ಕೆ ಸರಿಯಾಗಿ ಫೋನ್ ಬಂತು. ಕನ್ನಡಕ ಒರೆಸಿಕೊಂಡು ನೋಡಿದೆ. “ಇಲ್ಲೇ ಇದ್ವು ಅಪ್ಪಾಜಿ, ಈಗೇ ಹೋದ್ವು” ಎಂದು ನೀಲಾ ಫೋನನ್ನು ಅತ್ತ ಇತ್ತ ತಿರುಗಿಸಿದಳು. ಪರದೆಯ ತುಂಬ ಹುಲ್ಲು ಅಲುಗಾಡುತ್ತಿತ್ತು. “ಛಂದ ಅದವ್ವಾ, ಇನ್ನಷ್ಟು ತೋರಸು” ಎಂದೆ. ಅವಳು ತೋರಿಸುತ್ತಲೇ ಇದ್ದಳು, ನಾನು ನೋಡುತ್ತಲೇ ಇದ್ದೆ. ಸಿಂಹದ ವಿಷಯ ಬೇರೆಯವರನ್ನು ಕೇಳಿ. ಆಫ್ರಿಕಾದ ಹುಲ್ಲಿನ ವಿಷಯದಲ್ಲಿ ಮಾತ್ರ ಸೇಡಂ ತಾಲೂಕಿನಲ್ಲಿ ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ.